ಎಣ್ಣೆ ಕಾಣದ ಕರ್ಜಿಕಾಯಿ: ಯಂತ್ರದ ಪಾಲೆಷ್ಟು, ನಮ್ಮ ಪಾಲೆಷ್ಟು?

ಭಾದ್ರಪದ ಮಾಸ ಸಮೀಪಿಸುತ್ತಿದ್ದಂತೆ ಸಕಲೇಶಪುರ, ಆಲೂರು ಸೀಮೆಯ ಮನೆಗಳಲ್ಲಿ ಕೊಬ್ಬರಿ ತುರಿಯುವ, ಹುರಿಗಡಲೆ ಪುಡಿ ಮಾಡುವ ಸಿದ್ಧತೆ ಆರಂಭವಾಗುತ್ತದೆ. ಗೌರಿ-ಗಣೇಶ ಹಬ್ಬದ ಎಡೆಯಲ್ಲಿ ಕರ್ಜಿಕಾಯಿಯೋ ಕರಿಗಡುಬೋ ಇರಲೇಬೇಕು. ಈಚಿನ ಕೆಲವು ವರ್ಷಗಳಿಂದ ಈ ಸಿದ್ಧತೆಯ ನಡುವೆ ಹೊಸ ವಸ್ತುವೊಂದು ಅಡುಗೆಮನೆಯ ಕಟ್ಟೆಯೇರಿ ಕುಳಿತಿದೆ. ಬೆಂಗಳೂರು, ಮೈಸೂರುಗಳಲ್ಲಿ ಉದ್ಯೋಗದಲ್ಲಿರುವ ಮಕ್ಕಳು ತಂದೆ-ತಾಯಿಯರ ಆರೋಗ್ಯದ ಮೇಲಿನ ಕಾಳಜಿಯಿಂದ ತಂದುಕೊಡುವ ಏರ್ ಫ್ರೈಯರ್ ಅದು.

‘ಡಾಕ್ಟರೇ, ಇದರಲ್ಲಿ ಮಾಡಿದರೆ ಎಣ್ಣೆಯೇ ಬೇಕಿಲ್ಲವಂತೆ. ಹಾಗಾದರೆ ನಮ್ಮ ಯಜಮಾನರಿಗೂ ಕೊಡಬಹುದಲ್ಲವೇ?’ ಎಂದು ತಾಯಂದಿರು ಚಿಕಿತ್ಸಾಲಯದಲ್ಲಿ ಕೇಳುವುದುಂಟು. ಈ ಪ್ರಶ್ನೆ ಚಿಕ್ಕದಲ್ಲ. ಮಧುಮೇಹ, ರಕ್ತದೊತ್ತಡ, ಹೃದ್ರೋಗಗಳು ಇಂದು ತೋಟದ ಮಾಲೀಕರ ಮನೆಯಲ್ಲಿಯೂ ಇವೆ, ಕೂಲಿ ಲೈನಿನಲ್ಲಿಯೂ ಇವೆ. ಹಬ್ಬದ ದಿನ ಮನೆಯ ಹಿರಿಯರನ್ನು ಪಂಕ್ತಿಯಲ್ಲಿ ಕೂರಿಸಿ, ಎಲ್ಲರ ಎಲೆಗೂ ಕಡುಬು ಬಡಿಸಿ, ಅವರ ಎಲೆಯನ್ನು ಮಾತ್ರ ದಾಟಿ ಹೋಗುವುದು ಬಡಿಸುವವರಿಗೂ ಉಣ್ಣುವವರಿಗೂ ಸಂಕಟವೇ. ಹಾಗೆ ದಾಟಿದ ಮನೆಗಳಲ್ಲಿ ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಡಬ್ಬದ ಮುಚ್ಚಳ ಸದ್ದಿಲ್ಲದೆ ತೆರೆಯುವುದೂ ಉಂಟು. ಆದ್ದರಿಂದ ಈ ಯಂತ್ರ ನಮಗೆ ಏನನ್ನು ಕೊಡಬಲ್ಲದು, ಏನನ್ನು ಕೊಡಲಾರದು ಎಂಬುದನ್ನು ಹಬ್ಬಕ್ಕೆ ಮುನ್ನವೇ ತಿಳಿದುಕೊಳ್ಳುವುದು ಲೇಸು.

ಯಂತ್ರದ ಒಳಗೆ ನಡೆಯುವುದೇನು?

ನೆದರ್‌ಲೆಂಡ್ಸ್‌ನ ಫಿಲಿಪ್ಸ್ ಸಂಸ್ಥೆ 2010ರಲ್ಲಿ ಏರ್ ಫ್ರೈಯರನ್ನು ಮಾರುಕಟ್ಟೆಗೆ ತಂದಿತು. ಈಗ ಅನೇಕ ಕಂಪನಿಗಳು ಇದನ್ನು ತಯಾರಿಸುತ್ತಿವೆ. ಹೆಸರಿನಲ್ಲಿ ‘ಫ್ರೈ’ ಎಂದಿದ್ದರೂ ಇದರಲ್ಲಿ ಕರಿಯುವ ಕ್ರಿಯೆ ನಡೆಯುವುದಿಲ್ಲ. ಮೇಲ್ಭಾಗದಲ್ಲಿ ಕಾಯುವ ಸುರುಳಿ, ಅದರ ಹತ್ತಿರ ವೇಗವಾಗಿ ತಿರುಗುವ ಫ್ಯಾನು, ಕೆಳಗೆ ತೂತುಗಳುಳ್ಳ ಬುಟ್ಟಿ: ಇಷ್ಟೇ ಇದರ ರಚನೆ. ಬಿಸಿಗಾಳಿ ಪದಾರ್ಥದ ಸುತ್ತ ಸುತ್ತಿ ಅದನ್ನು ಬೇಯಿಸುತ್ತದೆ. ಇದನ್ನು ಬಲವಾದ ಗಾಳಿಯುಳ್ಳ ಒಂದು ಪುಟ್ಟ ಒಲೆಗೂಡು ಎನ್ನಬಹುದು.

ಬಾಣಲೆಯಲ್ಲಿ ಕರಿಯುವಾಗ ಹಿಟ್ಟಿನೊಳಗಿನ ನೀರು ಆವಿಯಾಗಿ ಹೊರಬಂದಂತೆ ಆ ಜಾಗವನ್ನು ಎಣ್ಣೆ ಸೇರಿಕೊಳ್ಳುತ್ತದೆ. ಕರಿದ ತಿಂಡಿಯ ಗರಿಗರಿತನಕ್ಕೂ ಅದರ ಭಾರಕ್ಕೂ ಇದೇ ಕಾರಣ. ಬಿಸಿಗಾಳಿಯಲ್ಲಿ ನೀರು ಹೋಗುತ್ತದೆ, ಅದರ ಸ್ಥಾನಕ್ಕೆ ಏನೂ ಬರುವುದಿಲ್ಲ. ಬಾಣಲೆಗೆಂದು ಕಲಸಿದ ಕಣಕವನ್ನೇ ಏರ್ ಫ್ರೈಯರಿಗೆ ಹಾಕಿದವರು ‘ಕರ್ಜಿಕಾಯಿ ಕಲ್ಲಿನಂತಾಯಿತು’ ಎಂದು ದೂರುವುದು ಇದರಿಂದಲೇ. ಗಾಳಿ ಕೊಡಲಾರದ ಜಿಡ್ಡನ್ನು ಮೊದಲೇ ಹಿಟ್ಟಿಗೆ ಸೇರಿಸಬೇಕು.

ಇದು ಹೊಸ ತಿಳಿವಳಿಕೆಯಲ್ಲ. ಹದಿನಾರನೆಯ ಶತಮಾನದ ಭಾವಮಿಶ್ರರು ‘ಭಾವಪ್ರಕಾಶ’ದಲ್ಲಿ ಕರ್ಪೂರನಾಲಿಕಾ ಎಂಬ ಭಕ್ಷ್ಯವನ್ನು ವರ್ಣಿಸಿದ್ದಾರೆ. ಧಾರಾಳವಾಗಿ ತುಪ್ಪ ಬೆರೆಸಿದ ಗೋಧಿಹಿಟ್ಟಿನಿಂದ ಉದ್ದನೆಯ ಪೊಟ್ಟಣ ಮಾಡಿ, ಸಕ್ಕರೆ, ಲವಂಗ, ಪಚ್ಚಕರ್ಪೂರಗಳನ್ನು ತುಂಬಿ, ತುಪ್ಪದಲ್ಲಿ ಬೇಯಿಸುವ ವಿಧಾನವದು. ನಮ್ಮ ಕರ್ಜಿಕಾಯಿಗೆ ಇದು ಹತ್ತಿರದ ನಂಟು. ಕಣಕದಲ್ಲಿಯೇ ಜಿಡ್ಡಿರಬೇಕೆಂಬ ಮರ್ಮ ಅಂದಿನ ಪಾಕಜ್ಞರಿಗೆ ತಿಳಿದಿತ್ತು.

ಎಂಟರಲ್ಲಿ ಒಂದು

ಚರಕಸಂಹಿತೆಯ ವಿಮಾನಸ್ಥಾನದ ಮೊದಲ ಅಧ್ಯಾಯದಲ್ಲಿ, ಆಹಾರ ಹಿತವೋ ಅಹಿತವೋ ಎಂದು ನಿರ್ಣಯಿಸಲು ಎಂಟು ಅಂಶಗಳನ್ನು ಹೇಳಲಾಗಿದೆ. ಪ್ರಕೃತಿ ಎಂದರೆ ಪದಾರ್ಥದ ಸಹಜ ಗುಣ. ಕರಣ ಎಂದರೆ ನೀರು, ಬೆಂಕಿ ಮೊದಲಾದವುಗಳಿಂದ ಅದಕ್ಕೆ ಮಾಡುವ ಸಂಸ್ಕಾರ. ಸಂಯೋಗ ಎಂದರೆ ಪದಾರ್ಥಗಳ ಕೂಡಿಕೆ. ರಾಶಿ ಎಂದರೆ ಪ್ರಮಾಣ. ಮುಂದಿನವು ದೇಶ, ಕಾಲ, ಉಣ್ಣುವ ನಿಯಮ ಮತ್ತು ಉಣ್ಣುವ ವ್ಯಕ್ತಿ.

ಈ ಎಂಟನ್ನು ಎದುರಿಗಿಟ್ಟುಕೊಂಡು ನೋಡಿದರೆ ಏರ್ ಫ್ರೈಯರಿನ ಸ್ಥಾನ ಸ್ಪಷ್ಟವಾಗುತ್ತದೆ. ಅದು ಬದಲಿಸುವುದು ಕರಣವನ್ನು ಮಾತ್ರ. ಮೈದಾದ ಪ್ರಕೃತಿ ಮೈದಾದ್ದೇ, ಬೆಲ್ಲದ್ದು ಬೆಲ್ಲದ್ದೇ. ಕೊಬ್ಬರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕೊಬ್ಬಿನಂಶವಿರುತ್ತದೆ, ಎಳ್ಳಿನಲ್ಲಿ ಸುಮಾರು ಅರ್ಧದಷ್ಟಿರುತ್ತದೆ. ಬಾಣಲೆಯನ್ನು ಬಿಟ್ಟರೂ ಹೂರಣದೊಳಗಿನ ಎಣ್ಣೆ ಎಲ್ಲಿಗೂ ಹೋಗುವುದಿಲ್ಲ. ಬೆಲ್ಲ ಸಕ್ಕರೆಗಿಂತ ಮೇಲೆಂಬ ನಂಬಿಕೆ ಮಧುಮೇಹಿಯ ವಿಷಯದಲ್ಲಿ ಸಲ್ಲದು. ಬೆಲ್ಲದ ಬಹುಪಾಲು ಸಕ್ಕರೆಯೇ ಆಗಿದ್ದು, ರಕ್ತದ ಸಕ್ಕರೆಯನ್ನು ಅದೂ ಏರಿಸುತ್ತದೆ. ಉಳಿದ ಏಳು ಅಂಶಗಳ ಹೊಣೆ ಅಡುಗೆ ಮಾಡುವವರ ಮತ್ತು ಉಣ್ಣುವವರ ಮೇಲೆಯೇ ಇದೆ.

ಮಾಡುವ ಕ್ರಮ

ಹದಿನಾರು ಕರ್ಜಿಕಾಯಿಗಳಿಗೆ ಬೇಕಾಗುವ ಪ್ರಮಾಣ ಹೀಗಿದೆ. ಕಣಕಕ್ಕೆ: ನುಣುಪಾದ ಗೋಧಿಹಿಟ್ಟು 150 ಗ್ರಾಂ, ಚಿರೋಟಿ ರವೆ 75 ಗ್ರಾಂ, ತುಪ್ಪ ಎರಡು ದೊಡ್ಡ ಚಮಚ, ಚಿಟಿಕೆ ಉಪ್ಪು, ಕಲಸಲು ಬೇಕಾದಷ್ಟು ಉಗುರುಬೆಚ್ಚಗಿನ ಹಾಲು ಅಥವಾ ನೀರು. ಹೂರಣಕ್ಕೆ: ಹುರಿಗಡಲೆ ಪುಡಿ 60 ಗ್ರಾಂ, ಕೊಬ್ಬರಿ ತುರಿ 50 ಗ್ರಾಂ, ಹುರಿದ ಎಳ್ಳು 20 ಗ್ರಾಂ, ಬೆಲ್ಲದ ಪುಡಿ 60 ಗ್ರಾಂ, ಒಂದು ಚಿಕ್ಕ ಚಮಚ ಹುರಿದ ಗಸಗಸೆ, ನಮ್ಮ ತೋಟದ್ದೇ ನಾಲ್ಕು ಏಲಕ್ಕಿ, ಕಾಲು ಚಮಚ ಶುಂಠಿ ಪುಡಿ. ಮಳೆಗಾಲದಲ್ಲಿ ಒಣಶುಂಠಿ ಮತ್ತು ಏಲಕ್ಕಿ ರುಚಿಗಷ್ಟೇ ಅಲ್ಲದೆ ಪಚನಕ್ಕೂ ನೆರವಾಗುತ್ತವೆ.

ತುಪ್ಪವನ್ನು ಬಿಸಿಮಾಡಿ ಹಿಟ್ಟಿಗೆ ಸುರಿದು ಬೆರಳ ತುದಿಯಿಂದ ಚೆನ್ನಾಗಿ ಉಜ್ಜಬೇಕು. ಹಿಟ್ಟನ್ನು ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟಿ ನಿಲ್ಲಬೇಕು. ಅದು ಉದುರಿಹೋದರೆ ತುಪ್ಪ ಸಾಲದೆಂದು ಅರ್ಥ. ಬಳಿಕ ಹಾಲು ಚಿಮುಕಿಸುತ್ತ ಗಟ್ಟಿಯಾಗಿ ಕಲಸಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಬೇಕು. ರವೆ ಅಷ್ಟರಲ್ಲಿ ನೆನೆಯುತ್ತದೆ. ನಂತರ ತೆಳುವಾಗಿ, ಅಂಗೈಯಗಲ ಲಟ್ಟಿಸಿ, ಒಂದು ದೊಡ್ಡ ಚಮಚದಷ್ಟು ಹೂರಣವಿಟ್ಟು, ಅಂಚಿಗೆ ಹಾಲು ಸವರಿ ಮಡಿಚಿ ಒತ್ತಬೇಕು. ಅಂಚು ಬಿಟ್ಟುಕೊಂಡರೆ ಒಳಗಿನ ಒಣ ಪುಡಿ ಫ್ಯಾನಿನ ಗಾಳಿಗೆ ಹಾರಿ ಯಂತ್ರದೊಳಗೆಲ್ಲ ಸುಟ್ಟ ವಾಸನೆ ಬರುತ್ತದೆ. ಹೀಗಾಗಿ ಈ ಕೆಲಸದಲ್ಲಿ ಅವಸರ ಬೇಡ.

ಯಂತ್ರವನ್ನು 180 ಡಿಗ್ರಿಯಲ್ಲಿ ಐದು ನಿಮಿಷ ಕಾಯಿಸಿಕೊಳ್ಳಿ. ಕರ್ಜಿಕಾಯಿಗಳ ಎರಡೂ ಬದಿಗೆ ತೆಳುವಾಗಿ ತುಪ್ಪ ಸವರಿ. ಹದಿನಾರಕ್ಕೂ ಸೇರಿ ಎರಡು ಚಿಕ್ಕ ಚಮಚ ತುಪ್ಪ ಸಾಕು. ಒಂದಕ್ಕೊಂದು ತಾಗದಂತೆ ಒಂದೇ ಪದರದಲ್ಲಿ, ಸಾಮಾನ್ಯ ಬುಟ್ಟಿಯಾದರೆ ಐದಾರನ್ನು ಮಾತ್ರ ಜೋಡಿಸಿ. ಒಂದರ ಮೇಲೊಂದು ಪೇರಿಸಿದರೆ ಗಾಳಿ ಆಡದೆ ಹಿಟ್ಟು ಹಸಿಯಾಗಿಯೇ ಉಳಿಯುತ್ತದೆ. ಶಾಖವನ್ನು 165 ಡಿಗ್ರಿಗೆ ಇಳಿಸಿ ಆರು ನಿಮಿಷ ಬೇಯಿಸಿ, ಮಗುಚಿ, ಮತ್ತೆ ನಾಲ್ಕರಿಂದ ಆರು ನಿಮಿಷ ಬೇಯಿಸಿ. ಬೇಳೆ ಅಥವಾ ಹಸಿ ಕಾಯಿಯ ಹೂರಣದ ಕರಿಗಡುಬಾದರೆ ಮೇಲ್ಭಾಗದಲ್ಲಿ ಸೂಜಿಯಿಂದ ಒಂದೆರಡು ಕಡೆ ಚುಚ್ಚಿ. ಒಳಗಿನ ಆವಿಗೆ ದಾರಿಯಿಲ್ಲದಿದ್ದರೆ ಕಡುಬು ಒಡೆಯುತ್ತದೆ.

ಬಣ್ಣ ತಿಳಿಹೊನ್ನಿಗೆ ಬಂದಾಗಲೇ ತೆಗೆಯುವುದು ಮುಖ್ಯ. ಪಿಷ್ಟವುಳ್ಳ ಪದಾರ್ಥಗಳನ್ನು 120 ಡಿಗ್ರಿಗಿಂತ ಹೆಚ್ಚಿನ ಒಣ ಶಾಖದಲ್ಲಿ ಕಂದಾಗುವವರೆಗೆ ಬೇಯಿಸಿದಾಗ ಅಕ್ರಿಲಮೈಡ್ ಎಂಬ ರಾಸಾಯನಿಕ ಉಂಟಾಗುತ್ತದೆಂದು 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಪ್ರಕಟಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 1994ರಲ್ಲಿಯೇ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡಬಹುದಾದ ವಸ್ತುಗಳ ಸಾಲಿಗೆ ಸೇರಿಸಿತ್ತು. ಎಣ್ಣೆಯಿಲ್ಲವೆಂಬ ಮಾತ್ರಕ್ಕೆ ಈ ಅಪಾಯ ತಪ್ಪುವುದಿಲ್ಲ. ಕಡುಕಂದು ಬಣ್ಣ ಬಾಣಲೆಯಲ್ಲಿಯೂ ಬೇಡ, ಬುಟ್ಟಿಯಲ್ಲಿಯೂ ಬೇಡ.

ಎರಡು ಮತ್ತು ನಾಲ್ಕರ ಲೆಕ್ಕ

ಮೇಲಿನ ಅಳತೆಯಲ್ಲಿ ಮಾಡಿದ ಒಂದು ಕರ್ಜಿಕಾಯಿಯಲ್ಲಿ ಸುಮಾರು 16 ಗ್ರಾಂ ಪಿಷ್ಟ-ಸಕ್ಕರೆ, 5 ಗ್ರಾಂ ಕೊಬ್ಬು, ಒಟ್ಟು ಸುಮಾರು 120 ಕ್ಯಾಲೊರಿ ಇರುತ್ತದೆ. ಇದೇ ಕರ್ಜಿಕಾಯಿಯನ್ನು ಬಾಣಲೆಯಲ್ಲಿ ಕರಿದು, ಪ್ರತಿಯೊಂದೂ ಮೂರು ಗ್ರಾಂ ಎಣ್ಣೆ ಹೀರಿತೆಂದು ಇಟ್ಟುಕೊಳ್ಳೋಣ. ಒಂದು ಗ್ರಾಂ ಎಣ್ಣೆಗೆ ಒಂಬತ್ತು ಕ್ಯಾಲೊರಿಯಂತೆ ಅದು 140ರ ಆಸುಪಾಸಿಗೆ ಬರುತ್ತದೆ. ಉಳಿತಾಯವಿರುವುದು ನಿಜ. ಆದರೆ ಪಿಷ್ಟ-ಸಕ್ಕರೆಯ 16 ಗ್ರಾಂ ಎರಡರಲ್ಲಿಯೂ ಒಂದೇ.

ಈಗ ಹಬ್ಬದ ಎಲೆಯನ್ನು ನೋಡೋಣ. ಕರಿದದ್ದು ಎಂಬ ಅಳುಕಿನಿಂದ ಎರಡೇ ತಿಂದವರ ಪಾಲಿಗೆ ಸುಮಾರು 280 ಕ್ಯಾಲೊರಿ, 32 ಗ್ರಾಂ ಪಿಷ್ಟ-ಸಕ್ಕರೆ. ಎಣ್ಣೆಯಿಲ್ಲವೆಂಬ ಧೈರ್ಯದಿಂದ ನಾಲ್ಕು ತಿಂದವರ ಪಾಲಿಗೆ 480 ಕ್ಯಾಲೊರಿ, 64 ಗ್ರಾಂ ಪಿಷ್ಟ-ಸಕ್ಕರೆ. ಯಂತ್ರ ಉಳಿಸಿದ್ದನ್ನು ಕೈ ಕಳೆಯಿತು. ಏರ್ ಫ್ರೈಯರ್ ಬಂದ ಮನೆಗಳಲ್ಲಿ ನಾನು ಅಂಜುವುದು ಈ ಧೈರ್ಯಕ್ಕೆ. ಚರಕರು ರಾಶಿಯನ್ನು ಪ್ರತ್ಯೇಕ ಅಂಶವಾಗಿ ಹೇಳಿದ್ದರ ಅರ್ಥ ಇಲ್ಲಿ ಕಣ್ಣಿಗೆ ಕಟ್ಟುತ್ತದೆ.

ಹಿಟ್ಟಿನ ಭಕ್ಷ್ಯಗಳು ಗುರು, ಅಂದರೆ ಜೀರ್ಣಕ್ಕೆ ಭಾರ. ಊಟವಾದ ಮೇಲೆ ಅವನ್ನು ತಿನ್ನಬಾರದು, ಹಸಿವಿದ್ದಾಗಲೂ ಮಿತವಾಗಿಯೇ ತಿನ್ನಬೇಕು ಎಂಬುದು ಚರಕರ ಅಭಿಪ್ರಾಯ. ಊಟದಲ್ಲಿ ಸಿಹಿಯನ್ನು ಮೊದಲು ಸೇವಿಸಬೇಕೆಂದು ಸುಶ್ರುತರು ಹೇಳಿದ್ದಾರೆ. ಅನ್ನ, ಸಾರು, ಪಲ್ಯ, ಮಜ್ಜಿಗೆ ಎಲ್ಲವೂ ಆದ ಮೇಲೆ ‘ಇನ್ನೊಂದು’ ಎಂದು ಎಲೆಗೆ ಬೀಳುವ ಕಡುಬು ಈ ಎರಡೂ ಮಾತುಗಳಿಗೆ ವಿರುದ್ಧವಾದುದು. ಊಟದ ಆರಂಭದಲ್ಲಿಯೇ ಎರಡನ್ನು ಬಡಿಸಿ, ಅಲ್ಲಿಗೆ ಮುಗಿಸುವುದು ಸರಿಯಾದ ಕ್ರಮ.

ನಮ್ಮ ಮಳೆ, ನಮ್ಮ ಕರೆಂಟು

ದೇಶ ಮತ್ತು ಕಾಲಗಳನ್ನು ನಮ್ಮ ಸೀಮೆಗೆ ಅನ್ವಯಿಸಿ ನೋಡಬೇಕು. ಹೆತ್ತೂರು, ಯಸಳೂರು, ಹಾನುಬಾಳು ಕಡೆ ಭಾದ್ರಪದದಲ್ಲಿಯೂ ಮಳೆ ಪೂರ್ಣ ಬಿಟ್ಟಿರುವುದಿಲ್ಲ. ವರ್ಷಾ ಋತುವಿನಲ್ಲಿ ಜಠರಾಗ್ನಿ ಮಂದವಾಗಿ ವಾತ ಪ್ರಕೋಪಗೊಳ್ಳುತ್ತದೆ ಎನ್ನುತ್ತದೆ ಆಯುರ್ವೇದ. ಕರಿದ ಪದಾರ್ಥದ ಭಾರ ಈ ಕಾಲದಲ್ಲಿ ಹೊಟ್ಟೆಯುಬ್ಬರ, ಹುಳಿತೇಗುಗಳನ್ನು ತರುತ್ತದೆ. ಬಿಸಿಗಾಳಿಯಲ್ಲಿ ಬೆಂದದ್ದು ಅಷ್ಟು ಭಾರವಲ್ಲವಾದರೂ ರೂಕ್ಷ, ಅಂದರೆ ಒಣ. ಆದ್ದರಿಂದ ಬೇರೆ ನಿಷೇಧವಿಲ್ಲದವರು ಅರ್ಧ ಚಮಚ ಬಿಸಿ ತುಪ್ಪದೊಡನೆ ತಿಂದು, ಮೇಲೆ ಬಿಸಿನೀರು ಕುಡಿಯುವುದು ಹಿತ.

ಇನ್ನು ವಿದ್ಯುತ್ತಿನ ಮಾತು. ಈ ಯಂತ್ರಗಳು ಸಾಮಾನ್ಯವಾಗಿ 1200ರಿಂದ 1500 ವಾಟ್ ಎಳೆಯುತ್ತವೆ. ಮಿಕ್ಸಿಯ ಚಿಕ್ಕ ಪ್ಲಗ್ಗಿಗೆ ಇವನ್ನು ಸಿಕ್ಕಿಸದೆ 16 ಆಂಪಿಯರಿನ ಪವರ್ ಪ್ಲಗ್ಗನ್ನೇ ಬಳಸಬೇಕು. ಮನೆಯ ದೀಪಗಳಿಗೆಂದು ಹಾಕಿಸಿದ ಯುಪಿಎಸ್ ಇವನ್ನು ತಾಳಲಾರದು. ತೋಟದ ಒಂಟಿ ಮನೆಗಳಲ್ಲಿ ಸಂಜೆಯ ವೇಳೆ ವೋಲ್ಟೇಜ್ ಕುಸಿಯುವುದು ಎಲ್ಲರಿಗೂ ತಿಳಿದದ್ದೇ. 230 ವೋಲ್ಟ್ ಇರಬೇಕಾದಲ್ಲಿ 180 ಮಾತ್ರ ಇದ್ದರೆ ಸುರುಳಿ ಕೊಡುವ ಶಾಖ ಸುಮಾರು ಶೇಕಡ 60ಕ್ಕೆ ಇಳಿಯುತ್ತದೆ. ಆಗ ಪುಸ್ತಿಕೆಯಲ್ಲಿರುವ ನಿಮಿಷಗಳನ್ನು ನಂಬದೆ, ತೆರೆದು ಬಣ್ಣ ನೋಡಿಯೇ ತೀರ್ಮಾನಿಸಬೇಕು.

ನಮ್ಮ ತೇವದ ಹವೆಯಲ್ಲಿ ಕರ್ಜಿಕಾಯಿ ಬೇಗ ಮೆತ್ತಗಾಗುತ್ತದೆ. ಪೂರ್ಣ ಆರಿದ ಮೇಲೆಯೇ ಸ್ಟೀಲ್ ಡಬ್ಬಕ್ಕೆ ತುಂಬಿ, ಒಣ ಹೂರಣದ್ದಾದರೆ ಮೂರು-ನಾಲ್ಕು ದಿನಗಳಲ್ಲಿ, ಹಸಿ ಕಾಯಿಯದಾದರೆ ಅದೇ ದಿನ ಮುಗಿಸಿಬಿಡಿ. ಮೆತ್ತಗಾದುದನ್ನು 150 ಡಿಗ್ರಿಯಲ್ಲಿ ಮೂರು ನಿಮಿಷವಿಟ್ಟರೆ ಗರಿಯಾಗುತ್ತದೆ. ಬುಟ್ಟಿಯ ಒಳಲೇಪವನ್ನು ಸ್ಟೀಲ್ ಚಮಚದಿಂದ ಕೆರೆಯಬಾರದು. ಲೇಪ ಎದ್ದುಬಂದ ಬುಟ್ಟಿಯನ್ನು ಬದಲಾಯಿಸಬೇಕು.

ಮಧುಮೇಹವುಳ್ಳವರಿಗೆ

ಸಕ್ಕರೆಯ ಪ್ರಮಾಣ ಹತೋಟಿಯಲ್ಲಿರುವವರು, ತಮ್ಮ ವೈದ್ಯರು ಬೇರೆ ರೀತಿ ಹೇಳಿಲ್ಲದಿದ್ದರೆ, ಹಬ್ಬದ ದಿನ ಎರಡು ಕರ್ಜಿಕಾಯಿಗಳನ್ನು ತಿನ್ನಬಹುದು. ಆದರೆ ಅವನ್ನು ಊಟದ ಲೆಕ್ಕದಲ್ಲಿಯೇ ಹಿಡಿಯಬೇಕು. ಎರಡು ಕರ್ಜಿಕಾಯಿಗಳ 32 ಗ್ರಾಂ ಪಿಷ್ಟ-ಸಕ್ಕರೆ ಒಂದೂವರೆ ಚಪಾತಿಗೆ ಅಥವಾ ಮುಕ್ಕಾಲು ಬಟ್ಟಲು ಅನ್ನಕ್ಕೆ ಸಮ. ಅಷ್ಟು ಅನ್ನವನ್ನು ಎಲೆಯಿಂದ ಕಳೆದು, ಹುರುಳಿಕಾಯಿ ಪಲ್ಯ, ಕೋಸಂಬರಿ, ಕಳಲೆಗಳಲ್ಲಿ ಒಂದನ್ನು ಆ ಜಾಗಕ್ಕೆ ಬಡಿಸಿಕೊಳ್ಳಲಿ. ಸಕ್ಕರೆ ಹತೋಟಿ ತಪ್ಪಿರುವವರು, ಈಚೆಗೆ ಹೃದಯಾಘಾತವಾದವರು, ಮೂತ್ರಪಿಂಡದ ಕಾಯಿಲೆಯುಳ್ಳವರು ಮೊದಲು ತಮ್ಮ ವೈದ್ಯರನ್ನು ಕೇಳಬೇಕು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ‘ಮಧ್ಯಾಹ್ನ ಕಡುಬು ತಿನ್ನುವುದಿದೆ’ ಎಂದು ಬೆಳಗಿನ ಉಪಾಹಾರ ಬಿಟ್ಟು, ಮಾತ್ರೆಯನ್ನು ಮಾತ್ರ ನುಂಗಿ ಅಥವಾ ಇನ್ಸುಲಿನ್ ಚುಚ್ಚಿಕೊಂಡು, ಪೂಜೆ ಮುಗಿಯುವವರೆಗೆ ಖಾಲಿ ಹೊಟ್ಟೆಯಲ್ಲಿರುವವರು ಇದ್ದಾರೆ. ಸಕ್ಕರೆ ಏರುವುದಕ್ಕಿಂತ ಹೀಗೆ ಥಟ್ಟನೆ ಇಳಿಯುವುದು ಹೆಚ್ಚು ಅಪಾಯಕಾರಿ. ಬೆವರು, ನಡುಕ, ಎದೆಬಡಿತ, ಮಂಕು, ತೊದಲುಮಾತು ಕಂಡರೆ ಒಡನೆಯೇ ಮೂರು ಚಿಕ್ಕ ಚಮಚ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಸಿ. ಗ್ಲೂಕೋಸ್ ಇಲ್ಲದಿದ್ದರೆ ಸಕ್ಕರೆಯಾದರೂ ಆದೀತು. ವೋಗ್ಲಿಬೋಸ್, ಅಕಾರ್ಬೋಸ್ ಮಾತ್ರೆ ಸೇವಿಸುವವರಲ್ಲಿ ಮಾತ್ರ ಸಕ್ಕರೆ ಬೇಗ ಕೆಲಸ ಮಾಡದು, ಅವರ ಮನೆಯಲ್ಲಿ ಗ್ಲೂಕೋಸ್ ಇರಲೇಬೇಕು. ಆ ಹೊತ್ತಿನಲ್ಲಿ ಕರ್ಜಿಕಾಯಿ ಕೊಟ್ಟು ಕಾಯಬಾರದು. ಅದರಲ್ಲಿನ ಕೊಬ್ಬು ಸಕ್ಕರೆ ರಕ್ತ ಸೇರುವುದನ್ನು ತಡಮಾಡುತ್ತದೆ. ಹದಿನೈದು ನಿಮಿಷದಲ್ಲಿ ಚೇತರಿಸದಿದ್ದರೆ ಮತ್ತೊಮ್ಮೆ ಕುಡಿಸಿ ಆಸ್ಪತ್ರೆಗೆ ಹೊರಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ತಕ್ಷಣ ಕರೆದೊಯ್ಯಿರಿ. ಮಳೆಗೆ ಮರ ಬಿದ್ದು ದಾರಿ ಕಟ್ಟುವ, ಸಂಜೆಯಾದರೆ ಆನೆಗೆ ಅಂಜಿ ವಾಹನ ನಿಲ್ಲುವ ನಮ್ಮ ಸೀಮೆಯಲ್ಲಿ ಇಂಥ ಸಂದರ್ಭ ಬಾರದಂತೆ ನೋಡಿಕೊಳ್ಳುವುದೇ ಜಾಣತನ. ಬೆಳಗ್ಗೆ ಸ್ವಲ್ಪವಾದರೂ ಉಪಾಹಾರ ಸೇವಿಸಿಯೇ ಔಷಧ ತೆಗೆದುಕೊಳ್ಳಲಿ. ಉಪವಾಸವಿರಲೇಬೇಕೆನ್ನುವವರು ಔಷಧದ ಪ್ರಮಾಣವನ್ನು ವೈದ್ಯರಲ್ಲಿ ಹಿಂದಿನ ದಿನವೇ ವಿಚಾರಿಸಲಿ.

ಯಂತ್ರವಿಲ್ಲದ ಮನೆಗೆ

ಏರ್ ಫ್ರೈಯರ್ ಇಲ್ಲವೆಂದು ಯಾರೂ ಚಿಂತಿಸಬೇಕಾಗಿಲ್ಲ. ಎಣ್ಣೆಯಿಲ್ಲದ ಕಡುಬನ್ನು ಮಲೆನಾಡು ಬಹುಕಾಲದಿಂದ ಬಲ್ಲದು. ಅಕ್ಕಿಹಿಟ್ಟನ್ನು ಕುದಿನೀರಿನಲ್ಲಿ ಮುದ್ದೆ ಮಾಡಿಕೊಂಡು, ಅರಿಶಿನದ ಎಲೆಯ ಮೇಲೆ ತಟ್ಟಿ, ಕಾಯಿ-ಬೆಲ್ಲದ ಹೂರಣವಿಟ್ಟು ಮಡಿಚಿ, ಆವಿಯಲ್ಲಿ ಹದಿನೈದು ನಿಮಿಷ ಬೇಯಿಸಿದರೆ ಆಯಿತು. ಆವಿಯ ಶಾಖ 100 ಡಿಗ್ರಿಯ ಆಸುಪಾಸಿನಲ್ಲಿಯೇ ಇರುವುದರಿಂದ ಕಂದಾಗುವ ತೊಂದರೆಯಿಲ್ಲ, ಎಣ್ಣೆಯ ಮಾತೂ ಇಲ್ಲ. ಹಲ್ಲಿಲ್ಲದ ಹಿರಿಯರಿಗೆ, ಕಟ್ಟಿಸಿದ ಹಲ್ಲಿನವರಿಗೆ ಗರಿಯಾದ ಕರ್ಜಿಕಾಯಿಗಿಂತ ಈ ಮೃದುವಾದ ಕಡುಬೇ ಸುಖ. ಅಕ್ಕಿ-ಬೆಲ್ಲಗಳ ಲೆಕ್ಕ ಇಲ್ಲಿಯೂ ಇರುವುದರಿಂದ ‘ಎರಡು’ ಎಂಬ ಮಿತಿ ಇದಕ್ಕೂ ಸಲ್ಲುತ್ತದೆ.

ಬಾಣಲೆಯಲ್ಲಿಯೇ ಕರಿಯುವವರಿಗೆ ಒಂದು ವಿನಂತಿ. ಆರೋಗ್ಯವಂತರು, ತೋಟದಲ್ಲಿ ದಿನವಿಡೀ ಮೈಮುರಿದು ದುಡಿಯುವವರು ಹೊಸ ಎಣ್ಣೆಯಲ್ಲಿ ಕರಿದ ಎರಡು ಕಡುಬು ತಿಂದರೆ ಕೆಡುಕಿಲ್ಲ. ಕೆಡುಕಿರುವುದು ಹಳೆಯ ಎಣ್ಣೆಯಲ್ಲಿ. ಗೌರಿ ಹಬ್ಬದ ಎಣ್ಣೆ ಗಣಪತಿಯ ವಡೆಗೆ, ಅಲ್ಲಿಂದ ಮಹಾನವಮಿಯ ಚಕ್ಕುಲಿಗೆ ಎಂದು ಮುಂದೆ ಮುಂದೆ ಹೋಗಬಾರದು. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಹಾನಿಕರ ಅಂಶಗಳು ಬೆಳೆಯುತ್ತವೆ. ಇವುಗಳ ಅಳತೆಯಾದ ಒಟ್ಟು ಧ್ರುವೀಯ ಸಂಯುಕ್ತಗಳು ಶೇಕಡ 25 ಮೀರಿದ ಎಣ್ಣೆಯನ್ನು ಆಹಾರಕ್ಕೆ ಬಳಸಬಾರದೆಂಬ ನಿಯಮ ನಮ್ಮ ದೇಶದಲ್ಲಿ 2018ರ ಜುಲೈನಿಂದ ಜಾರಿಯಲ್ಲಿದೆ. ಮನೆಯಲ್ಲಿ ಅಳೆಯುವ ಸಾಧನವಿಲ್ಲ. ಕಪ್ಪಾದ, ನೊರೆ ಬರುವ, ಬೇಗ ಹೊಗೆಯಾಡುವ ಎಣ್ಣೆಯನ್ನು ಬಿಟ್ಟುಬಿಡುವುದೇ ಉಪಾಯ. ಚಿಕ್ಕ ಬಾಣಲೆಯಲ್ಲಿ ಸ್ವಲ್ಪವೇ ಎಣ್ಣೆ ಹಾಕಿ ಕರಿದರೆ ಉಳಿಯುವುದೂ ಸ್ವಲ್ಪವೇ.

ಮಕ್ಕಳು ಪ್ರೀತಿಯಿಂದ ತಂದ ಯಂತ್ರವನ್ನು ಮೂಲೆಗಿಡಬೇಕಾಗಿಲ್ಲ. ಅದು ಬಾಣಲೆಯ ಎಣ್ಣೆಯನ್ನು ತಪ್ಪಿಸುತ್ತದೆ, ಮೈಮೇಲೆ ಕಾದ ಎಣ್ಣೆ ಸಿಡಿಯುವ ಭಯವನ್ನೂ ತಪ್ಪಿಸುತ್ತದೆ. ಎಷ್ಟು ತಿನ್ನಬೇಕೆಂಬುದನ್ನು ಅದು ಹೇಳದು. ಈ ಬಾರಿಯ ಹಬ್ಬದಲ್ಲಿ ಮನೆಯ ಹಿರಿಯರ ಎಲೆಯನ್ನು ದಾಟಿ ಹೋಗಬೇಡಿ. ಎಲ್ಲರಿಗೂ ಮಾಡಿದ ಕರ್ಜಿಕಾಯಿಯಲ್ಲಿಯೇ ಎರಡನ್ನು, ಊಟದ ಮೊದಲಿಗೇ, ಎಲ್ಲರ ಜೊತೆಯಲ್ಲಿಯೇ ಬಡಿಸಿ. ಮೂರನೆಯದಕ್ಕೆ ಮಾತ್ರ ಒತ್ತಾಯ ಮಾಡಬೇಡಿ.